ಚೆಟ್ಟಿನಾಡಿನ ಬಾಗಿಲು

"ಭಾವ, ಚಹಾ ಆರುತ್ತಿದೆ" ಎಂದರು ಶಾನುಭಾಗರು.

"ಆರಲಿ. ಬಾಗಿಲ ಮೇಲಿಟ್ಟ ಲೋಟಕ್ಕೆ ನನ್ನ ಕೈ ಹೋಗುವುದಿಲ್ಲ" ಎಂದ ಸುಬ್ರಾಯ ಭಾವ. "ಹೊಸ್ತಿಲ ಮೇಲೆ ಕುಳಿತರೇ ಆಯಿ ಬೆನ್ನಿಗೆ ಬಾರಿಸುತ್ತಿದ್ದಳು. ಇವನು ಬಾಗಿಲನ್ನೇ ಮಲಗಿಸಿ, ಕಾಲು ಹಚ್ಚಿ, ಗಾಜು ಹೊದೆಸಿ ಉಪ್ಪಿಟ್ಟು ಬಡಿಸಿದ್ದಾನೆ."

"ಅದು ತಮಿಳುನಾಡಿನ ಚೆಟ್ಟಿನಾಡಿನ ಬಾಗಿಲು ಮಾವ" ಎಂದ ವಿಶ್ವ. "ಬೆಂಗಳೂರಿನ ಆಂಟಿಕ್ ಅಂಗಡಿಯಲ್ಲಿ 48,000 ಕೊಟ್ಟು ತಂದದ್ದು. ಬಿಲ್ಲಿನಲ್ಲಿ ಬರೆದಿದೆ."

ಅಂದು ವಿಶ್ವನ ಹೆರಿಟೇಜ್ ಹೋಮ್‌ಸ್ಟೇಯ ಪ್ರವೇಶ. ಅಘನಾಶಿನಿ ಹೊಳೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಬಯಲಿನ ಅಂಚಿನಲ್ಲಿದ್ದ ಅಜ್ಜನ ಮನೆಯನ್ನು 2021ರಲ್ಲಿ ಕೆಡವಿ, ಅದೇ ಜಾಗದಲ್ಲಿ ಅದರಂತೆಯೇ ಕಾಣುವ ಮನೆಯೊಂದನ್ನು ಕಟ್ಟಿದ್ದ. ಸ್ಲ್ಯಾಬಿನ ಮೇಲೆ ಹಂಚು. ಸಿಮೆಂಟ್ ಗೋಡೆಯ ಮೇಲೆ ಚಿರೆಕಲ್ಲಿನ ಚಿತ್ರದ ಟೈಲ್ಸ್.

"ಒಳಗೆ ಸ್ವೆಟರು, ಹೊರಗೆ ಉಟ್ಟ ಪಂಚೆ" ಎಂದ ಭಾವ. "ಚಿರೆಕಲ್ಲಿನ ಮನೆ ಕೆಡವಿ ಚಿರೆಕಲ್ಲಿನ ಫೋಟೋ ಅಂಟಿಸುವುದಕ್ಕೆ ಎಷ್ಟಾಯಿತು ಮಾಣಿ?"

"ಆ್ಯಂಬಿಯೆನ್ಸ್ ಬೇಕಲ್ಲ ಮಾವ. ಗೋಕರ್ಣಕ್ಕೆ ಬಂದವರು ಹೊಳೆ ದಾಟಿ ಇಲ್ಲಿಗೂ ಬರಬೇಕು. ಅವರಿಗೆ ಪರಂಪರೆ ಬೇಕು, ಅಟ್ಯಾಚ್ಡ್ ಬಚ್ಚಲೂ ಬೇಕು."

ಬಚ್ಚಲಿನಿಂದ ಹಂಡೆ ಹೊರಬಿದ್ದು ಜಗಲಿಯಲ್ಲಿ ಮನಿ ಪ್ಲಾಂಟ್ ಹೊತ್ತು ನಿಂತಿತ್ತು. ಒರಳುಕಲ್ಲಿನ ನೀರಲ್ಲಿ ದಾಸವಾಳ ತೇಲುತ್ತಿತ್ತು. ಭಾವ ಎರಡನ್ನೂ ಒಂದು ಸುತ್ತು ಹಾಕಿ ಬಂದು, "ನನ್ನನ್ನು ಎಲ್ಲಿ ನಿಲ್ಲಿಸುತ್ತೀಯ? 72 ವರ್ಷದ ಸಾಮಾನು. ಒಂದು ಕಿವಿ ಮಾತ್ರ ಮುಕ್ಕಾಗಿದೆ" ಎಂದ.

ಮಾಸ್ತರರು ಇಂಥ ಹೊತ್ತಿಗೆ ಸುಮ್ಮನಿರುವವರಲ್ಲ. "ಪರಂಪರೆ ಪರಂಪರೆ ಎನ್ನುತ್ತೀರಿ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೇ 1865ರಲ್ಲಿ. ಅದಕ್ಕೂ ಮೊದಲು ನಮ್ಮವರ ಮಾಡಿಗೆ ಇದ್ದದ್ದು ಸೋಗೆ, ಹುಲ್ಲು. ಊರಿಗೆ ಮೊದಲ ಹಂಚು ಬಂದಾಗ ಯಾರೋ ಮುದುಕ ಇದೇ ಜಗಲಿಯಲ್ಲಿ ಕುಳಿತು ಬೈದಿರುತ್ತಾನೆ, ನಿಮ್ಮ ಹಾಗೆಯೇ."

"ಬೈದಿರುತ್ತಾನೆ. ಆದರೆ ಹಂಚು ಹೊದೆಸಿ ಕೆಳಗೆ ಸೋಗೆಯ ಚಿತ್ರ ಅಂಟಿಸಿರಲಿಕ್ಕಿಲ್ಲ."

ಶಾನುಭಾಗರು ಊಟದ ಪಟ್ಟಿ ಎತ್ತಿಕೊಂಡರು. ಅವರ ಆಸಕ್ತಿ ಎಂದಿಗೂ ಅದೇ. "ಕಗ್ಗದ ಅಕ್ಕಿಯ ಊಟ, ಒಬ್ಬರಿಗೆ 450. ಕಗ್ಗ ಬೆಳೆದಿದ್ದೀಯೇನೋ?"

"ಆನ್‌ಲೈನಿನಲ್ಲಿ ತರಿಸಿದೆ."

ಎಲ್ಲರೂ ಎದುರಿನ ಗಜನಿಯತ್ತ ನೋಡಿದರು. ಉಬ್ಬರದ ಹೊತ್ತು. ಕಟ್ಟೆಯ ಒಳಗೂ ಉಪ್ಪುನೀರು, ಹೊರಗೂ ಉಪ್ಪುನೀರು, ನಡುವೆ ಒಂದು ಬೆಳ್ಳಕ್ಕಿ.

"ಕುತ್ತಿಗೆಮಟ್ಟ ನಿಲ್ಲುತ್ತಿತ್ತು ಕಗ್ಗ" ಎಂದ ಭಾವ, ಸ್ವರ ತುಸು ಇಳಿಸಿ. "ಉಪ್ಪುನೀರು ನುಗ್ಗಿದರೂ ಜಗ್ಗದ ಭತ್ತ ಅದು. ಕೊಯ್ಯುತ್ತಿದ್ದದ್ದು ತೆನೆಯನ್ನಷ್ಟೇ. ಹುಲ್ಲು ಅಲ್ಲೇ ಕೊಳೆತು ಸಿಗಡಿಗೆ, ಮೀನಿಗೆ ಆಗುತ್ತಿತ್ತು. ಮಣ್ಣಿನ ಕಟ್ಟೆ ವರ್ಷ ವರ್ಷವೂ ಒಡೆಯುತ್ತಿತ್ತು. ಮಾತು ಬಿಟ್ಟ ದಾಯಾದಿಗಳೂ ಒಂದೇ ಬುಟ್ಟಿ ಹಿಡಿದು ಕೆಸರು ಹಾಕುತ್ತಿದ್ದರು, ಕೆಸರಿನೊಳಗೇ ಜಗಳ ಮುಂದುವರಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಸರಕಾರದ ಕಲ್ಲಿನ ಕಟ್ಟೆ ಬಂತು. ಆಮೇಲೆ ವರ್ಷವಿಡೀ ಸಿಗಡಿಯೇ ಲಾಭ ಎಂದಾಯಿತು. ಜಗಳವಾಡುವುದಕ್ಕೂ ಜನ ಸಿಗುವುದಿಲ್ಲ ಈಗ."

"ಈ ಅಳಿವೆಗೆ ಈಗ ರಾಮ್ಸಾರ್ ಮಾನ್ಯತೆ ಇದೆ, ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ" ಎಂದರು ಮಾಸ್ತರರು. "2024ರಲ್ಲಿ ಪ್ರಕಟವಾಯಿತು. 4,801 ಹೆಕ್ಟೇರ್."

"ಹೌದು, ಬ್ರೋಷರಿನಲ್ಲಿ ಹಾಕಿದ್ದೇನೆ!" ಎಂದ ವಿಶ್ವ.

"ನೀರಿಗೂ ಬ್ರೋಷರು" ಎಂದು ಭಾವ ಎದ್ದ. ಎದ್ದವನು ಅಂಗಳಕ್ಕೆ ಇಳಿಯಲು ಕಾಲು ಚಾಚಿ ಮುಗ್ಗರಿಸಿದ. ಐದು ಮೆಟ್ಟಿಲಿನ ಲೆಕ್ಕದಲ್ಲಿ ಇಟ್ಟ ಕಾಲು, ಅಲ್ಲಿದ್ದದ್ದು ಒಂದೇ.

"ಪಾಯ ತಗ್ಗಿಸಿದ್ದೇನೆ ಮಾವ. ಚಕ್ರದ ಪೆಟ್ಟಿಗೆ ಎಳೆದುಕೊಂಡು ಬರುವವರಿಗೆ ಮೆಟ್ಟಿಲು ಕಷ್ಟ."

ಭಾವ ಏನೂ ಹೇಳದೆ ತಿರುಗಿ ಬಂದು ಕುಳಿತ. ಅಪರೂಪಕ್ಕೆ ಮಾತು ನಿಂತಿತ್ತು. ಸಂಕೋಚವೋ ಏನೋ, ವಿಶ್ವ ಮೇಜಿನ ಗಾಜು ಒರೆಸತೊಡಗಿದ. "ಇಲ್ಲಿ ನೋಡಿ ಮಾಸ್ತರರೇ, ಬಾಗಿಲ ಒಂದು ತುದಿಯಲ್ಲಿ ಐದು ಅಡ್ಡ ಗೀರು. ಅಂಗಡಿಯವನು ಹೇಳಿದ, ಇದು ಜನಪದ ರೇಖಾಚಿತ್ರವಂತೆ. ನಮ್ಮ ಹಸೆ ಚಿತ್ತಾರದ ಹಾಗೆ. ಇದಕ್ಕೇ 48,000."

ಭಾವ ಕನ್ನಡಕ ಹಾಕಿಕೊಂಡು ಬಗ್ಗಿದ. ಗಾಜಿನ ಮೇಲಿಂದಲೇ ಹಿತ್ತಾಳೆಯ ಗುಬ್ಬಿಗಳನ್ನು ಎಣಿಸಿದ. ಏಳನೆಯದು ಇರಲಿಲ್ಲ, ಬರಿಯ ತೂತು.

"ಇದನ್ನು ಕಿತ್ತವನು ನಿನ್ನ ಅಪ್ಪ. ಗೋಲಿ ಆಡಲಿಕ್ಕೆ" ಎಂದ. "ಮನೆ ಕೆಡವಿದಾಗ ಬಾಗಿಲನ್ನು ಹಳೇ ಸಾಮಾನಿನವನಿಗೆ ಎಷ್ಟಕ್ಕೆ ಕೊಟ್ಟೆ?"

"3,000. ಆದರೆ ಇದು ಚೆಟ್ಟಿ..." ವಿಶ್ವನ ಕೈಯಲ್ಲಿದ್ದ ಬಟ್ಟೆ ಹಾಗೆಯೇ ನಿಂತಿತು.

ಶಾನುಭಾಗರು ಮನಸ್ಸಿನಲ್ಲೇ ಕಳೆದು, "ನಲವತ್ತೈದು ಸಾವಿರ ಪ್ರವಾಸದ ಖರ್ಚು" ಎಂದು ನಗಲು ಹೊರಟರು. ಭಾವನ ಮುಖ ನೋಡಿ ಚಹಾ ಹೀರಿದರು.

"ಚಿತ್ತಾರವಲ್ಲ ಮಾಣಿ. ಕೆಳಗಿನ ನಾಲ್ಕನ್ನು ಎಳೆದವಳು ನಿನ್ನ ಅಜ್ಜಿ, ಈಳಿಗೆಯ ತುದಿಯಿಂದ. ಹೊಳೆ ಮನೆಯೊಳಗೆ ಬಂದಾಗಲೆಲ್ಲ ಒಂದೊಂದು. ಮೇಲಿನದು 2019ರ ಆಗಸ್ಟಿನದು. ನೀನು ಬೆಂಗಳೂರಿನಲ್ಲಿದ್ದೆ. ಅವಳನ್ನು ದೋಣಿ ಹತ್ತಿಸಿ, ನೀರಿಳಿದ ಮೇಲೆ ಬಂದು ನಾನೇ ಎಳೆದೆ. ಎಳೆದೆಯೋ ಇಲ್ಲವೋ ಎಂದು ಮೂರು ಸಲ ಕೇಳಿದ್ದಳು."

ಬಾಗಿಲ ಕೆಳಗಿನ ಅಂಚಿಗೆ ಮೊಣಕೈ ಊರಿ ಭಾವ ಅಳೆದ. ಮೇಲಿನ ಗೀರಿಗೆ ಬೆರಳ ತುದಿ ತಾಗಿತು. ಸರಿಯಾಗಿ ಒಂದು ಮೊಳ. ಹಾಗೆಯೇ ಎದ್ದು ಗೋಡೆಯ ಬಳಿಗೆ ಹೋದ. ಚಿರೆಕಲ್ಲಿನ ಚಿತ್ರದ ಮೇಲೆ, ನೆಲದಿಂದ, ಇಲ್ಲದ ನಾಲ್ಕು ಮೆಟ್ಟಿಲನ್ನು ಒಂದೊಂದಾಗಿ ಕೈಯಿಂದ ಏರಿಸಿದ. ಅದರ ಮೇಲೆ ಮೊಣಕೈ ಊರಿ ಮೊಳ ಇಟ್ಟ. ಬೆರಳು ಹೋಗಿ ಸ್ವಿಚ್ ಬೋರ್ಡಿಗೆ ಮುಟ್ಟಿತು.

"ಇದು ಯಾವುದರ ಗುಂಡಿ?"

"ಫ್ಯಾನಿನದು ಮಾವ" ಎಂದ ವಿಶ್ವ, ಮೆಲ್ಲಗೆ.

ಭಾವ ಒತ್ತಿದ. ಫ್ಯಾನು ತಿರುಗಿತು. ಬಿಲ್ಲು ಮೇಜಿನಿಂದ ಹಾರಿ ಅಂಗಳಕ್ಕೆ ಬಿತ್ತು.