ಕರಿ ರಾಡಿಗಿ ಹಳದಿ-ಕೆಂಪು ದಾರ ಸುತ್ತಬೇಕೋ ಬ್ಯಾಡೋ?

ಬೆಣ್ಣೆತೊರಾ ಹುಡುಗ, ಕಲಬುರಗಿ:
ಮೀನು ಹಿಡಿಯೋ ರಾಡ್ ನಾನೇ ಕಟ್ಟಲಿಕ್ಕ ಏಳು ಫೂಟಿನ ಕರಿ ಗ್ರಾಫೈಟ್ ಬ್ಲ್ಯಾಂಕ್ (ಬರೀ ಕೋಲು) ತರಿಸೀನ್ರಿ. ಗೈಡ್ (ಗಾಳದ ನೂಲು ಹಾಯೋ ಉಂಗುರ), ರೀಲ್ ಸೀಟ್, ಕಾರ್ಕ್ ಹಿಡಿಕಿ ಎಲ್ಲಾ ಬಂದಾವ. ಗೈಡ್ ಕಟ್ಟೋ ದಾರದ ಬಣ್ಣದಾಗೇ ಸಿಕ್ಕೊಂಡೀನಿ. ಹಳದಿ ಸುತ್ತಿ ಎರಡೂ ಅಂಚಿಗಿ ಕೆಂಪು ಪಟ್ಟಿ ಕೊಡಬೇಕಂತ ಮನಸ್ಸದ, ನಮ್ಮ ಕನ್ನಡ ಬಾವುಟದ ಬಣ್ಣ. ಗೆಳೆಯಾ ಒಬ್ಬಾಂವ "ರಾಜ್ಯೋತ್ಸವದ ಆಟೋ ಕಂಡಂಗ ಕಾಣ್ತದ" ಅಂತ ನಗ್ತಾನ. ಬೆಣ್ಣೆತೊರಾ ಡ್ಯಾಮಿನಾಗ ಹಿಟ್ಟಿನ ಉಂಡಿ ಹಚ್ಚಿ ರೋಹು, ಕಾಟ್ಲಾ ಹಿಡಿಲಿಕ್ಕ ಈ ರಾಡ್. ಏನ್ ಮಾಡ್ಲಿ?

ಕಾರಂಜಾ ಕಾಕಾ, ಬೀದರ್:
ಆಟೋದ ಮಾತು ಬಿಡು ತಮ್ಮಾ. ನೀ ಅಂದುಕೊಂಡ ಹಳದಿ ಅಲ್ಲಿ ಬರೋದೇ ಇಲ್ಲ. ದಾರದ ರೀಲಿನ ಮ್ಯಾಲಿನ ಬಣ್ಣ ಬ್ಯಾರೆ, ಸುತ್ತಿದ ಮ್ಯಾಲ ಹಚ್ಚೋ ಎಪಾಕ್ಸಿ ಅಂಟು ಕುಡದ ಮ್ಯಾಲಿನ ಬಣ್ಣ ಬ್ಯಾರೆ. ಸಾದಾ ನೈಲಾನ್ ದಾರದಾಗ ಎಪಾಕ್ಸಿ ಇಳಿದ ಕೂಡ್ಲೆ ಅದು ಅರೆಬರೆ ಪಾರದರ್ಶಕ ಆಗ್ತದ, ಕೆಳಗಿನ ಕಪ್ಪು ಮ್ಯಾಲ ಬರ್ತದ. ಕರಿ ಮ್ಯಾಲ ಹಳದಿ ಅಂದ್ರ ಹಸಿರು ಕಲಸಿದ ಕೆಸರು ಬಣ್ಣ. ಬಿಳಿ ಸುತ್ತಿದ್ರಂತೂ ದಾರನೇ ಕಾಣಂಗಿಲ್ಲ, ಗೈಡಿನ ಪಾದ (ಕೋಲಿಗಿ ಕಟ್ಟೋ ಅದರ ಕಾಲು) ಬೆತ್ತಲೆ ಕಾಣ್ತದ. ಕೆಂಪು ಗಾಢ ಮೆರೂನ್ ಆಗ್ತದ, ಅದು ನನಗ ಛಲೋನೇ ಅನಸ್ತದ.

ನನ್ನ ಕೇಳಿದ್ರ ಕರಿ ಮ್ಯಾಲ ಕರಿ ದಾರನೇ ಸುತ್ತು, ಅಂಚಿಗಿ ಐದಾರು ಸುತ್ತು ಬೆಳ್ಳಿ ಬಣ್ಣದ ಮೆಟಾಲಿಕ್ ಕೊಡು. ನಮ್ಮ ಬಿದ್ರಿ ಕೆಲಸ ನೋಡಿಲ್ಲೇನು? ಸತು-ತಾಮ್ರದ ಹೂಜಿಗಿ ಕೋಟೆಯ ಮಣ್ಣು, ನವಸಾಗರ ಕಲಸಿ ಉಜ್ಜಿದ್ರ ಲೋಹ ಕರ್ರಗಾಗ್ತದ, ಕೂಡಿಸಿದ ಬೆಳ್ಳಿ ಹಂಗೇ ಉಳೀತದ. ಬೆಳ್ಳಿ ಗೆರಿ ಸಣ್ಣದಿದ್ದಷ್ಟೂ ಕಣ್ಣಿಗಿ ಹೊಡೀತದ.

ಶಹಾಪುರ ಟೇಲರ್, ಯಾದಗಿರಿ:
ಕಾಕಾ, ಎನ್‌ಸಿಪಿ ದಾರ ಅಂತ ಸಿಗ್ತದಲ್ರಿ? ಅದು ಎಪಾಕ್ಸಿ ಹಚ್ಚಿದ ಮ್ಯಾಲೂ ಬಣ್ಣ ಬಿಟ್ಟುಕೊಡಂಗಿಲ್ಲ. ಹುಡುಗಗ ಹಳದಿನೇ ಬೇಕಂದ್ರ ಅದು ತರಿಸ್ಲಿ. ಇಲ್ಲಾಂದ್ರ ಸಾದಾ ದಾರಕ್ಕ ಮೊದಲು ಕಲರ್ ಪ್ರಿಸರ್ವರ್ ಹಚ್ಚಿ, ಪೂರಾ ಒಣಗಿದ ಮ್ಯಾಲ ಎಪಾಕ್ಸಿ ಹಚ್ಚಲಿ.

ಒಂದು ಮಾತು, ಹೊಲಿಗಿ ಮಷಿನಿನ ಮಾಮೂಲಿ ದಾರ ಮಾತ್ರ ಬ್ಯಾಡ. ನಾ ದಿನಾ ಅದರಾಗೇ ಇರಾಂವ. ಸ್ಪನ್ ಪಾಲಿಯೆಸ್ಟರಿಗಿ ಮೈತುಂಬಾ ಸಣ್ಣ ಜುಂಗು ಇರ್ತದ. ಬಟ್ಟಿ ಮ್ಯಾಲ ಗೊತ್ತಾಗಂಗಿಲ್ಲ, ಎಪಾಕ್ಸಿ ಬಿದ್ದ ಮ್ಯಾಲ ಒಂದೊಂದು ಎಳಿನೂ ನೆಟ್ಟಗ ನಿಂತು ಕೈಗಿ ಚುಚ್ತದ. ಎಂಬ್ರಾಯ್ಡರಿಯ ಹೊಳಪು ಪಾಲಿಯೆಸ್ಟರ್ ದಾರ ನಡೀತದ, ಅದು ನುಣ್ಣಗಿರ್ತದ.

ಕಾರಂಜಾ ಕಾಕಾ, ಬೀದರ್:
ಪ್ರಿಸರ್ವರಿಗಿ ನಾ ಒಪ್ಪಂಗಿಲ್ಲ. ದಾರದ ಸಂದಿ ಎಲ್ಲಾ ಮುಚ್ಚಿಬಿಡ್ತದ, ಎಪಾಕ್ಸಿ ಕೆಳಗಿಳಿದು ಗೈಡಿನ ಪಾದ ಹಿಡಿಯಂಗಿಲ್ಲ. ದೊಡ್ಡ ಕಾಟ್ಲಾ ಜಗ್ಗಿದಾಗ ಗೈಡ್ ಅಲುಗಾಡ್ಲಿಕ್ಕ ಹತ್ತಿದ್ರ ಬಣ್ಣ ತಗೊಂಡು ಏನ್ ಮಾಡ್ತೀರಿ?

ಸುರಪುರ ಇಂಜಿನಿಯರ್:
ಕಾಕಾ, ಗೈಡ್ ಹಿಡಿಯೋದು ಮುಖ್ಯವಾಗಿ ದಾರದ ಬಿಗಿ. ಪಾದದ ತುದಿಯನ್ನ ಅರದಿಂದ ತೆಳ್ಳಗೆ ಉಜ್ಜಿಕೊಂಡ್ರೆ ದಾರ ಬ್ಲ್ಯಾಂಕಿನಿಂದ ಪಾದದ ಮೇಲೆ ಸಂದಿ ಬಿಡದೆ ಹತ್ತುತ್ತೆ. ಅಲ್ಲಿ ಮೆಟ್ಟಿಲು ಉಳಿದಿದ್ರೆ ಯಾವ ಎಪಾಕ್ಸಿಯೂ ಕಾಯಲ್ಲ. ಪ್ರಿಸರ್ವರ್ ಹಾಕಿ ಕಟ್ಟಿದ ರಾಡುಗಳು ವರ್ಷಗಟ್ಟಲೆ ನಡೀತಿವೆ.

ಕಾರಂಜಾ ಕಾಕಾ, ಬೀದರ್:
ಅರದ ಮಾತು ಖರೇ. ಪ್ರಿಸರ್ವರ್ ಡಬ್ಬಿ ಮಾತ್ರ ನಮ್ಮ ಮನ್ಯಾಗ ಬರಂಗಿಲ್ಲ.

ಸನ್ನತಿ ದಂಡಿ:
ಎಲ್ಲಾರೂ ಚಂದದ ಮಾತೇ ಆಡ್ಲತ್ತೀರಿ. ಮೀನಿಗಿ ಗೈಡಿನ ದಾರ ಹಳದಿ ಇದ್ರೇನು, ಕರಿ ಇದ್ರೇನು? ನಮಗ ಕಾಣಬೇಕು. ಹಿಟ್ಟು ಹಾಕಿ ಭೀಮಾ ದಂಡಿಗಿ ಕುಂತಾಗ ಹೊತ್ತು ಮುಳುಗೋ ಟೈಮಿಗೇ ಮೀನು ಬಾಯಿ ಹಾಕ್ತದ, ಕರಿ ರಾಡಿನ ತುದಿ ಅಷ್ಟೊತ್ತಿಗಿ ನೀರಿನ ಬಣ್ಣದಾಗ ಕರಗಿರ್ತದ. ತುದಿಯ ಎರಡು ಗೈಡಿಗಿ ಎನ್‌ಸಿಪಿ ಹಳದಿ ಸುತ್ತು ತಮ್ಮಾ, ಜರಾ ಕುಣಿದ್ರೂ ಕಣ್ಣಿಗಿ ಬೀಳ್ತದ. ಉಳಿದದ್ದೆಲ್ಲಾ ಕರಿ ಇರಲಿ. ಮತ್ತ ಹಿಡಿಕಿ ಮ್ಯಾಗಡೆ, ಬುಡದಿಂದ ಅಳತಿ ಮಾಡಿ, 45 ಸೆಂಟಿಮೀಟರಿಗೊಂದು, 60ಕ್ಕೊಂದು ಸಣ್ಣ ಹಳದಿ ಉಂಗುರ ಹಾಕು. ಮೀನು ಪಕ್ಕಕ್ಕಿಟ್ಟು ಅಳಿಲಿಕ್ಕ ಟೇಪ್ ಹುಡುಕೋದು ತಪ್ತದ.

ಬೆಣ್ಣೆತೊರಾ ಹುಡುಗ, ಕಲಬುರಗಿ:
ಇದು ಬರೊಬ್ಬರಿ ಅನಸ್ತದ್ರಿ ಅಣ್ಣಾ. ಮನ್ಯಾಗ ರೇಷ್ಮಿ ದಾರ ಅದ, ಸೀರಿ ಕುಚ್ಚು ಕಟ್ಟೋದು. ಅದು ನಡೀತದೇನ್ರಿ?

ಕಾರಂಜಾ ಕಾಕಾ, ಬೀದರ್:
ರೇಷ್ಮಿ ಬಿದಿರಿನ ರಾಡಿಗಿ. ವಾರ್ನಿಶ್ ಹಚ್ಚಿದ್ರ ದಾರ ಗಾಜಿನಷ್ಟು ತಿಳಿ ಆಗಿ ಬಿದಿರಿನ ಹೊನ್ನ ಬಣ್ಣ ಒಳಗಿಂದ ಕಾಣ್ತದ, ಅದೇ ಅದರ ಸೊಗಸು. ಕರಿ ಗ್ರಾಫೈಟ್ ಮ್ಯಾಲ ದಂಡ. ಕುಚ್ಚಿಗೇ ಇರಲಿ ಬಿಡು.

ಸುರಪುರ ಇಂಜಿನಿಯರ್:
ಯಾರ ಮಾತೂ ನಂಬಬೇಡಿ, ನೀವೇ ನೋಡಿ. ಮುರಿದ ಹಳೇ ಕರಿ ರಾಡಿನ ತುಂಡು ಹುಡುಕಿ. ಸಾದಾ ಹಳದಿ, ಎನ್‌ಸಿಪಿ ಹಳದಿ, ಕೆಂಪು, ಎಲ್ಲ ಬೆರಳಗಲ ಸುತ್ತಿ, ಚಮಚದ ಬೆನ್ನಿಂದ ಉಜ್ಜಿ ಸಂದಿ ಕೂಡಿಸಿ. ಮೇಲೆ ಒಂದು ಹನಿ ಸ್ಪಿರಿಟ್ ಹಚ್ಚಿದ್ರೆ ಎಪಾಕ್ಸಿ ಆದಮೇಲೆ ಹೆಂಗೆ ಕಾಣುತ್ತೆ ಅನ್ನೋ ಅಂದಾಜು ಅಲ್ಲೇ ಸಿಗುತ್ತೆ, ಹಸಿ ಇರೋತನಕ. ಆರಿದ್ರೆ ಮತ್ತೆ ಹಳೇ ಬಣ್ಣ. ನೋಡೋದು ಟ್ಯೂಬ್‌ಲೈಟ್ ಕೆಳಗಲ್ಲ, ಬಿಸಿಲಲ್ಲಿ. ಬಿಳಿ ದಾರದ ಆಸೆ ಇದ್ರೆ ಬಿಡಿ, ಎಪಾಕ್ಸಿ ನಮ್ಮ ಬಿಸಿಲಿಗೆ ವರ್ಷ ಕಳೆದಂತೆ ಹಳದಿ ತಿರುಗುತ್ತೆ.

ಬೆಣ್ಣೆತೊರಾ ಹುಡುಗ, ಕಲಬುರಗಿ:
ಹಂಗಾದ್ರ ತುದಿ ಎರಡಕ್ಕ ಎನ್‌ಸಿಪಿ ಹಳದಿ, ಉಳಿದದ್ದು ಕರಿ, ಅಂಚಿಗಿ ಸಾದಾ ಕೆಂಪು, ಮೆರೂನ್ ಆಗ್ಲಿ. ಬೆಳ್ಳಿ ಮುಂದಿನ ರಾಡಿಗಿ, ಕಾಕಾ ಸಿಟ್ಟಾಗಬ್ಯಾಡ್ರಿ. ಇಲ್ಲಿ 42 ಡಿಗ್ರಿ ಅದ, ಎಪಾಕ್ಸಿ ಯಾವಾಗ ಹಚ್ಲಿ?

ಸುರಪುರ ಇಂಜಿನಿಯರ್:
ನಸುಕಿನಲ್ಲಿ. ಈ ಬಿಸಿಲಿಗೆ ಬೇಗ ಗಟ್ಟಿ ಆಗುತ್ತೆ, ಎರಡು ಗೈಡಿಗೆ ಸಾಕಾಗುವಷ್ಟೇ ಕಲಸಿ. ಎಪಾಕ್ಸಿಯ ರೆಸಿನ್, ಹಾರ್ಡನರ್ ಎರಡೂ ಬಾಟಲಿಗೆ ಬೇರೆ ಬೇರೆ ಸಿರಿಂಜು, ಅಳತೆ ಸಮ ಇರಲಿ. ಕಲಸಿದ್ದನ್ನ ಲೋಟದಲ್ಲೇ ಬಿಡಬೇಡಿ, ತನ್ನ ಕಾವಿಗೆ ತಾನೇ ಗಟ್ಟಿಯಾಗುತ್ತೆ, ಫಾಯಿಲ್ ಮೇಲೆ ಹರವಿಕೊಳ್ಳಿ. ಹಚ್ಚಿದ ಮೇಲೆ ಇಳಿಯೋದು ನಿಲ್ಲೋ ತನಕ ರಾಡ್ ತಿರುಗಿಸ್ತಾ ಇರಬೇಕು.

ಶಹಾಪುರ ಟೇಲರ್, ಯಾದಗಿರಿ:
ಫ್ಯಾನ್ ಬಂದ್ ಮಾಡ್ರಿ ಮತ್ತ. ಬೆವರು ಬಂದ್ರ ಬರಲಿ, ಧೂಳು ಕುಂತ್ರ ತೆಗಿಲಿಕ್ಕ ಬರಂಗಿಲ್ಲ.