ಬೆನ್ನ ಹಿಂದಿನ ಟ್ಯೂಬ್‌ಲೈಟ್ ಮತ್ತು ಕಪ್ಪು ಗ್ರಾನೈಟ್ ಕಟ್ಟೆ: ಅಡುಗೆಮನೆಗೆ ಯಾವ ದೀಪ, ಎಲ್ಲಿ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಈಗ ಹೊಸದಾಗಿ ಮಾಡಿಸುತ್ತಿದ್ದೇವೆ. ಕೋಣೆ 10 ಅಡಿ ಉದ್ದ, 8 ಅಡಿ ಅಗಲವಿದ್ದು, ಎರಡು ಗೋಡೆಗಳಿಗೆ ತಾಗಿಕೊಂಡು ಕಪ್ಪು ಗ್ರಾನೈಟ್ ಕಟ್ಟೆಯಿದೆ. ಪಕ್ಕದ ನಿವೇಶನದಲ್ಲಿ ಮೂರಂತಸ್ತಿನ ಕಟ್ಟಡ ಎದ್ದ ಮೇಲೆ ಕಿಟಕಿಯ ಬೆಳಕು ಹೆಚ್ಚುಕಡಿಮೆ ನಿಂತೇಹೋಗಿದ್ದು, ಹಗಲಿನಲ್ಲಿಯೂ ದೀಪ ಹಾಕಿಕೊಂಡೇ ಕೆಲಸ ಮಾಡಬೇಕಾಗಿದೆ. ಸದ್ಯಕ್ಕೆ ಇರುವುದು ಬಾಗಿಲ ಮೇಲಿನ ಒಂದು ಟ್ಯೂಬ್‌ಲೈಟ್. ಒಲೆಯ ಮುಂದೆ ನಿಂತರೆ ಅದು ಬೆನ್ನ ಹಿಂದಾಗುತ್ತದೆ. ಎಪ್ಪತ್ತು ದಾಟಿರುವ ನಮ್ಮ ಅತ್ತೆಯವರು ಬೇಳೆಯಲ್ಲಿ ಕಲ್ಲು ಆರಿಸಲು ಹಜಾರಕ್ಕೇ ಬಂದು ಕೂರುತ್ತಾರೆ.

ಫಾಲ್ಸ್ ಸೀಲಿಂಗ್ ಮಾಡಿಸಿ, ಅದರಲ್ಲಿ 12 ವಾಟ್‌ನ ನಾಲ್ಕು ಡೌನ್‌ಲೈಟ್‌ಗಳನ್ನು ಚೌಕಾಕಾರವಾಗಿ ಕೂರಿಸಿದರೆ ಸಾಕು, ಬಣ್ಣ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಇಳಿದಷ್ಟೂ ಹಳದಿ) ಬಿಳಿಯೇ ಇರಲಿ ಎಂದು ಮರಗೆಲಸದವರು ಹೇಳುತ್ತಿದ್ದಾರೆ. ನಮ್ಮ ಯಜಮಾನರಿಗೆ ಹಳದಿ ಬೆಳಕು ಇಷ್ಟ. ಟೈಲ್ಸ್ ಹಾಕುವ ಮೊದಲೇ ವೈರ್ ಎಳೆಸಬೇಕಾಗಿರುವುದರಿಂದ, ಅನುಭವವುಳ್ಳವರು ದಯವಿಟ್ಟು ಸಲಹೆ ನೀಡಿ.

ಉತ್ತರ 1 (ಒಳಾಂಗಣ ವಿನ್ಯಾಸದ ಕೆಲಸದಲ್ಲಿರುವವರು)

ಮೇಡಂ, ನಿಮ್ಮ ಮನೆಯ ತೊಂದರೆ ಬೆಳಕು ಕಡಿಮೆಯಾಗಿರುವುದಕ್ಕಿಂತ ಹೆಚ್ಚಾಗಿ ಅದು ಬರುವ ದಿಕ್ಕಿನದು. ನಾಲ್ಕು ಡೌನ್‌ಲೈಟ್‌ಗಳನ್ನು ಕೋಣೆಯ ನಡುವೆ ಚೌಕವಾಗಿ ಕೂರಿಸಿದರೆ, ನೆಲ ಚೆನ್ನಾಗಿ ಬೆಳಗುತ್ತದೆ, ಆದರೆ ಕಟ್ಟೆಯ ಕಡೆಗೆ ಮುಖ ಮಾಡಿ ನಿಂತವರ ನೆರಳು ಈಗಿನಂತೆಯೇ ತರಕಾರಿ ಹೆಚ್ಚುವ ಮಣೆಯ ಮೇಲೆ ಬೀಳುತ್ತದೆ. ದೀಪ ನಾಲ್ಕಾದರೆ ನೆರಳೂ ನಾಲ್ಕಾಗುತ್ತದೆ, ಅಷ್ಟೇ.

ಮೇಲಿನ ಕಪಾಟುಗಳ ತಳಕ್ಕೆ ಎಲ್‌ಇಡಿ ಸ್ಟ್ರಿಪ್ (ಸಾಲಾಗಿ ಪುಟ್ಟ ದೀಪಗಳಿರುವ ಪಟ್ಟಿ) ಹಾಕಿಸುವುದು ಇದಕ್ಕೆ ನೇರವಾದ ಪರಿಹಾರ. ಸ್ಟ್ರಿಪ್ಪನ್ನು ಗೋಡೆಯ ಕಡೆಗಲ್ಲದೆ ಕಪಾಟಿನ ಮುಂಭಾಗದ ಅಂಚಿಗೆ ಹತ್ತಿರವಾಗಿ ಕೂರಿಸಬೇಕು. ಹಾಗಿದ್ದಾಗ ಮಾತ್ರ ಕಟ್ಟೆಯ ಪೂರ್ತಿ ಅಗಲಕ್ಕೆ ಬೆಳಕು ಹರಡುತ್ತದೆ. ಎದುರಿಗೆ ಒಂದು ಇಂಚಿನಷ್ಟು ಪಟ್ಟಿ ಇಳಿಬಿಟ್ಟರೆ ದೀಪ ನೇರವಾಗಿ ಕಣ್ಣಿಗೆ ಹೊಡೆಯುವುದಿಲ್ಲ. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕಾಗುತ್ತದೆ ಮತ್ತು ಅದೇ ಕಣ್ಣಿಗೆ ಪ್ರಖರತೆ ಹೆಚ್ಚು ಹಿಂಸೆಯಾಗುತ್ತದೆ. ನಿಮ್ಮ ಅತ್ತೆಯವರನ್ನು ಗಮನದಲ್ಲಿಟ್ಟುಕೊಂಡರೆ ಈ ಪಟ್ಟಿಯನ್ನು ಬಿಡಬಾರದು.

ಕಪ್ಪು ಗ್ರಾನೈಟ್ ಇರುವವರು ಇನ್ನೊಂದು ವಿಷಯ ಯೋಚಿಸಬೇಕು. ಪಾಲಿಶ್ ಮಾಡಿದ ಕಪ್ಪು ಕಲ್ಲು ಕನ್ನಡಿಯಂತೆ ವರ್ತಿಸುವುದರಿಂದ, ಬರೀ ಸ್ಟ್ರಿಪ್ ಅಂಟಿಸಿದರೆ ಅದರ ಒಂದೊಂದು ಚುಕ್ಕೆಯೂ ಕಟ್ಟೆಯಲ್ಲಿ ಮಿನುಗುತ್ತ ಕಾಣುತ್ತದೆ. ಆದ್ದರಿಂದ ಹಾಲುಬಿಳುಪಿನ ಮುಚ್ಚಳವಿರುವ ಅಲ್ಯೂಮಿನಿಯಂ ಪ್ರೊಫೈಲ್ (ಸ್ಟ್ರಿಪ್ ಕೂರಿಸುವ ಉದ್ದನೆಯ ಚೌಕಟ್ಟು) ತೆಗೆದುಕೊಳ್ಳಿ. ಸ್ಟ್ರಿಪ್ಪಿನ ಬಿಸಿಯನ್ನು ಲೋಹವು ಹೊರಹಾಕುವುದರಿಂದ ಅದರ ಆಯುಷ್ಯವೂ ಹೆಚ್ಚುತ್ತದೆ, ಎಣ್ಣೆಯ ಜಿಡ್ಡನ್ನು ಬಟ್ಟೆಯಿಂದ ಒರೆಸಿ ತೆಗೆಯುವುದೂ ಸುಲಭ. ಕಪ್ಪು ಕಲ್ಲು ಬೆಳಕನ್ನು ಹಿಂದಿರುಗಿ ಹರಡುವುದೂ ಕಡಿಮೆ, ಹಾಗಾಗಿ ಗೋಡೆಯ ಟೈಲ್ಸ್ ಆದರೂ ತಿಳಿಬಣ್ಣದ್ದಿರಲಿ.

ಕೆಲಸ ಮಾಡುವ ಕಟ್ಟೆಯ ಮೇಲೆ 300ರಿಂದ 500 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಉಳಿದ ಕೋಣೆಗೆ 150ರಿಂದ 200 ಲಕ್ಸ್ ಬೆಳಕಿದ್ದರೆ ಸಾಕು. ಮೀಟರಿಗೆ 10 ವಾಟ್‌ನ ಸ್ಟ್ರಿಪ್ ಮೊದಲನೆಯದಕ್ಕೆ ಧಾರಾಳ. ಎರಡನೆಯದಕ್ಕೆ 20 ವಾಟ್‌ನ ಒಂದು ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟ್‌ನಂತಹ ಉದ್ದನೆಯ ದೀಪ) ಸೂರಿನ ನಡುವೆ ಇದ್ದರೆ ಆಯಿತು, ಏಕೆಂದರೆ ಸುಮಾರು 2000 ಲ್ಯೂಮೆನ್‌ನಷ್ಟು (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಬೆಳಕು ಅದರಿಂದಲೇ ಬರುತ್ತದೆ. ದೀಪಕ್ಕಾಗಿಯೇ ಫಾಲ್ಸ್ ಸೀಲಿಂಗ್ ಮಾಡಿಸುವ ಅಗತ್ಯ ನನಗಂತೂ ಕಾಣುತ್ತಿಲ್ಲ.

ಉತ್ತರ 2 (ಧಾರವಾಡದಿಂದ)

ಮೇಲಿನವರು ದಿಕ್ಕಿನ ಬಗ್ಗೆ ಹೇಳಿದ್ದೆಲ್ಲ ಸರಿಯಿದೆ. ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಿಳಿ ಎಲ್‌ಇಡಿಯ ಒಳಗಿರುವುದು ನಿಜವಾಗಿ ನೀಲಿ ಬೆಳಕಿನ ಚಿಪ್. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಲೇಪವು ಆ ನೀಲಿಯ ಒಂದು ಭಾಗವನ್ನು ಹಳದಿಯಾಗಿ ಬದಲಿಸುವುದರಿಂದ ಎರಡೂ ಸೇರಿ ನಮಗೆ ಬಿಳಿಯಾಗಿ ಕಾಣುತ್ತದೆ. ಅಗ್ಗದ ದೀಪಗಳಲ್ಲಿ ಈ ಮಿಶ್ರಣದಲ್ಲಿ ಕೊರತೆ ಬೀಳುವುದು ಕೆಂಪು. ನಮ್ಮ ಅಡುಗೆಯಲ್ಲಿ ಹದ ನೋಡುವುದೇ ಕೆಂಪಿನಿಂದ: ಈರುಳ್ಳಿ ಕೆಂಪಗಾಯಿತೇ, ರವೆ ಹೊಂಬಣ್ಣಕ್ಕೆ ತಿರುಗಿತೇ, ಒಗ್ಗರಣೆಯ ಬ್ಯಾಡಗಿ ಮೆಣಸಿನಕಾಯಿ ಸೀಯುತ್ತಿದೆಯೇ ಎಂಬುದೆಲ್ಲ ಕಣ್ಣಿನ ಲೆಕ್ಕವಾಗಿರುವಾಗ, ಕೆಂಪನ್ನು ಮಂಕಾಗಿಸುವ ದೀಪವನ್ನು ಒಲೆಯ ಬಳಿ ಇಡುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಸಂಖ್ಯೆಯನ್ನು ನೋಡಿ; ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಅದು ಹೇಳುತ್ತದೆ. ಸಾಮಾನ್ಯ ದೀಪಗಳಲ್ಲಿ ಅದು 80ರ ಆಸುಪಾಸಿನಲ್ಲಿರುತ್ತದೆ. ಕಟ್ಟೆಯ ಮೇಲಿನ ಸ್ಟ್ರಿಪ್ಪಿಗಾದರೂ 90 ಅಥವಾ ಅದಕ್ಕಿಂತ ಹೆಚ್ಚಿನದನ್ನು ಕೇಳಿ ಪಡೆಯಿರಿ. ಬೆಲೆ ಸ್ವಲ್ಪ ಹೆಚ್ಚಾದೀತು, ಆದರೆ ಅಲಂಕಾರದ ಡೌನ್‌ಲೈಟ್‌ಗೆ ಸುರಿಯುವ ಹಣ ಇಲ್ಲಿ ಸಾರ್ಥಕವಾಗುತ್ತದೆ. ಇನ್ನು 6500 ಮತ್ತು ಹಳದಿಯ ಜಗಳಕ್ಕೆ ಬಂದರೆ, 4000 ಕೆಲ್ವಿನ್ ತೆಗೆದುಕೊಳ್ಳಿ ಎಂಬುದು ನನ್ನ ಮಾತು. 2700 ಅಥವಾ 3000 ಊಟದ ಮೇಜಿಗೆ ಹಿತ. ಆದರೆ ಸೊಪ್ಪಿನ ಹಳದಿ ಎಲೆಯನ್ನು ಅದರಲ್ಲಿ ಗುರುತಿಸುವುದು ಕಷ್ಟ.

ಉತ್ತರ 3 (ವೈರಿಂಗ್ ಗುತ್ತಿಗೆದಾರರು)

ಟೈಲ್ಸ್ ಹಾಕುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸ್ಟ್ರಿಪ್ಪಿಗೆ 12 ವೋಲ್ಟ್‌ಗಿಂತ 24 ವೋಲ್ಟ್ ಮೇಲು, ಏಕೆಂದರೆ ಉದ್ದ ಹೆಚ್ಚಾದಾಗ 12 ವೋಲ್ಟ್‌ನ ಸ್ಟ್ರಿಪ್ ಕೊನೆಯ ಭಾಗದಲ್ಲಿ ಮಂಕಾಗುತ್ತದೆ. ಡ್ರೈವರ್ (ಮನೆಯ ಕರೆಂಟನ್ನು ಸ್ಟ್ರಿಪ್ಪಿಗೆ ಬೇಕಾದ ಕಡಿಮೆ ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ) ಆರಿಸುವಾಗ ಶೇಕಡಾ 20ರಷ್ಟಾದರೂ ಹೆಚ್ಚುವರಿ ಸಾಮರ್ಥ್ಯವಿರಲಿ: ಎರಡು ಮೀಟರ್ ಸ್ಟ್ರಿಪ್ 20 ವಾಟ್ ಎಳೆಯುವುದಾದರೆ 30 ವಾಟ್‌ನ ಡ್ರೈವರ್ ಹಾಕಿಸಿ. ಅದನ್ನು ಒಲೆಯ ಮೇಲಿನ ಕಪಾಟಿನಲ್ಲಿ ಬಚ್ಚಿಡಬೇಡಿ. ಗಾಳಿಯಾಡುವ, ಕೈಗೆಟುಕುವ ಜಾಗದಲ್ಲಿಡಿ, ಏಕೆಂದರೆ ಸ್ಟ್ರಿಪ್ಪಿಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಡ್ರೈವರೇ. ಒಲೆಯ ನೇರ ಮೇಲೆ ಸ್ಟ್ರಿಪ್ ಬೇಡ, ಅಲ್ಲಿಗೆ ಚಿಮಣಿಯ ದೀಪ ಸಾಕು. ಸಿಂಕ್ ಬಳಿ ನೀರು ತಾಗದಂತೆ ಐಪಿ 65 ದರ್ಜೆಯದನ್ನು ಹಾಕಿಸಿ.

ಬ್ಯಾಟನ್‌ಗೂ ಸ್ಟ್ರಿಪ್ಪಿಗೂ ಬೇರೆ ಬೇರೆ ಸ್ವಿಚ್ ಇರಲಿ, ಎರಡರಲ್ಲಿ ಸ್ಟ್ರಿಪ್ಪಿನ ಲೈನನ್ನು ಇನ್ವರ್ಟರ್‌ಗೆ ಕೊಡಿ. ಕರೆಂಟ್ ಹೋದಾಗ ಒಲೆ ಉರಿಯುತ್ತಿದ್ದರೆ ಬೇಕಾಗುವುದು ಆ ಬೆಳಕೇ. ಅಂಗಡಿಯಲ್ಲಿ ದೀಪ ಹೊತ್ತಿಸಿ ಮೊಬೈಲ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ನೋಡಿ. ದಟ್ಟವಾದ ಮಿಣುಕು ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಫಾಲ್ಸ್ ಸೀಲಿಂಗ್ ಬೇಡವೆಂದು ಇಂದೇ ಹೇಳುತ್ತೇವೆ. ಒಂದು ಸಂದೇಹ ಉಳಿದಿದೆ: ಕಿಟಕಿಯಿರುವ ಗೋಡೆಯಲ್ಲಿ ಮೇಲಿನ ಕಪಾಟು ಬರುವುದಿಲ್ಲ, ಸಿಂಕ್ ಇರುವುದೂ ಅಲ್ಲಿಯೇ. ಅಲ್ಲಿ ಏನು ಮಾಡಬಹುದು?

ಉತ್ತರ 1ರವರು ಮತ್ತೆ

ಅಲ್ಲಿ ಮಾತ್ರ ಸೂರಿಗೆ ಹೊರಮೈಯಲ್ಲೇ ಕೂರುವ ಒಂದು ಸರ್ಫೇಸ್ ಲೈಟ್ ಹಾಕಿಸಿ. ಅದರ ಜಾಗ ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ, ಸಿಂಕಿನ ನೇರ ಮೇಲೆ ಬರಲಿ. ಕಟ್ಟೆ ಎರಡು ಅಡಿ ಅಗಲವಿರುವುದರಿಂದ ಪಾತ್ರೆ ತೊಳೆಯುವವರ ತಲೆಗಿಂತ ದೀಪ ಮುಂದೆ ಇರುತ್ತದೆ, ನೆರಳು ಹಿಂದಕ್ಕೆ ಬೀಳುತ್ತದೆ. 9 ವಾಟ್ ಸಾಕು, ಬಣ್ಣ ಮಾತ್ರ ಸ್ಟ್ರಿಪ್ಪಿನದ್ದೇ ಇರಲಿ. ವೈರ್ ಎಳೆಯುವ ಮುನ್ನ ಸೂರಿನಲ್ಲಿ ಆ ಬಿಂದುವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅತ್ತೆಯವರನ್ನು ಸಿಂಕಿನ ಮುಂದೆ ನಿಲ್ಲಿಸಿ ಒಮ್ಮೆ ನೋಡಿಕೊಳ್ಳಿ.