‘ಸ್ಟಾರ್ಟಿಂಗ್ ಹ್ಯಾಂಡ್’: ಆರಂಭಿಕ ಕೈಯೋ, ಮೊದಲೆಲೆಯೋ, ಹಿಡಿಯುವ ಎಲೆಯೋ?

ಪದಚರ್ಚೆಯ ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

ಹುಬ್ಬಳ್ಳಿಯ ಗೆಳೆಯರ ಗುಂಪೊಂದಕ್ಕಾಗಿ ಪೋಕರ್ ಆಟದ, ಅದರಲ್ಲಿಯೂ ಆನ್‌ಲೈನಿನಲ್ಲಿ ಆರು ಮಂದಿ ಕೂತು ಆಡುವ ಟೆಕ್ಸಾಸ್ ಹೋಲ್ಡೆಮ್‌ನ ಸಂಭವನೀಯತೆಯನ್ನು ಕನ್ನಡದಲ್ಲಿ ವಿವರಿಸುವ ಟಿಪ್ಪಣಿಯನ್ನು ಸಿದ್ಧಪಡಿಸುತ್ತಿದ್ದೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆಯು ನಿಷೇಧಿಸಿರುವುದರಿಂದ, ಇಲ್ಲಿನ ಮಾತೆಲ್ಲ ಹಣವಿಲ್ಲದ ಆಟಕ್ಕೆ ಮತ್ತು ಅದರ ಲೆಕ್ಕಕ್ಕೆ ಸೀಮಿತವಾದದ್ದು. ಬರೆಯುತ್ತ ಹೋದಂತೆ ಎದುರಾದ ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಹ್ಯಾಂಡ್’. ಆಟಗಾರನು ಹಿಡಿದಿರುವ ಎಲೆಗಳು, ಒಮ್ಮೆ ಎಲೆ ಹಂಚಿದಾಗಿನಿಂದ ಪಣ ಇತ್ಯರ್ಥವಾಗುವವರೆಗಿನ ಒಂದು ಆಟ, ‘ಶಾರ್ಟ್ ಹ್ಯಾಂಡೆಡ್’ ಎಂಬಲ್ಲಿ ಆಡಲು ಕೂತ ಜನ, ಹೀಗೆ ಮೂರು ಅರ್ಥಗಳು ಆ ಒಂದೇ ಪದದಲ್ಲಿ ಸೇರಿಕೊಂಡಿವೆ. ಕೊನೆಯದನ್ನು ‘ಕಡಿಮೆ ಕೈಯ ಆಟ’ ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ಧಾರವಾಡ ಸೀಮೆಯಲ್ಲಿ ದಿನನಿತ್ಯ ಬಳಸುವ ‘ಮಂದಿ’ ಇರುವಾಗ ‘ಆರು ಮಂದಿಯ ಆಟ’ ಎಂದರೆ ಸಾಕು ಎಂಬುದು ನನ್ನ ಎಣಿಕೆ.

ಕಷ್ಟವಿರುವುದು ‘ಸ್ಟಾರ್ಟಿಂಗ್ ಹ್ಯಾಂಡ್’, ಅಂದರೆ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬನಿಗೂ ಮೊದಲಿಗೆ ಹಂಚುವ ಎರಡೆಲೆಗಳ ವಿಷಯದಲ್ಲಿ. ‘ಆರಂಭಿಕ ಕೈ’ ಎಂಬುದು ಪದಕ್ಕೆ ಪದ ಇಟ್ಟಂತಾಗುತ್ತದೆ. ಇಸ್ಪೀಟು ಆಡುವವರು ಎಲೆ ಹಂಚುತ್ತಾರೆ, ಎಲೆ ಹಿಡಿಯುತ್ತಾರೆ, ಎಲೆ ಬಿಡುತ್ತಾರೆ. ‘ಮೊದಲ ಜೋಡಿ’ ಎನ್ನೋಣವೆಂದರೆ ‘ಜೋಡಿ’ಯು ಎರಡು ರಾಜ, ಎರಡು ಗುಲಾಮ ಮುಂತಾದ ಸಮಾನ ಎಲೆಗಳಿಗೇ ಮೀಸಲಾದ ಪದ. 52 ಎಲೆಗಳಿಂದ ಎರಡೆಲೆ ಬರುವ ಬಗೆಗಳು 1326 ಇದ್ದು, ಅವುಗಳಲ್ಲಿ ಜೋಡಿಗಳು 78 ಮಾತ್ರ, ಅಂದರೆ 17ರಲ್ಲಿ ಒಂದು. ಆದ್ದರಿಂದ ಬಂದ ಎಲೆಗಳಿಗೆ ‘ಮೊದಲೆಲೆ’ ಎಂದೇ ಬಳಸಿದ್ದೇನೆ.

ಆದರೆ ‘ಸ್ಟಾರ್ಟಿಂಗ್ ಹ್ಯಾಂಡ್ ಸೆಲೆಕ್ಷನ್’ ಎಂಬುದನ್ನು ‘ಮೊದಲೆಲೆಯ ಆಯ್ಕೆ’ ಎಂದಾಗ ಅರ್ಥ ಕೆಡುತ್ತದೆ. ಎಲೆಯನ್ನು ಯಾರೂ ಆಯ್ದುಕೊಳ್ಳುವುದಿಲ್ಲ. ಬಂದದ್ದನ್ನು ಹಿಡಿಯಬೇಕೋ ಬಿಡಬೇಕೋ ಎಂದು ತೀರ್ಮಾನಿಸುತ್ತಾರೆ. ಬದಾಮಿನ ಎಕ್ಕ ಮತ್ತು ಕಿಲಾವರದ ಒಂಬತ್ತು ಬಂದಿವೆ ಎನ್ನೋಣ. ಒಂಬತ್ತು ಮಂದಿಯ ಆಟದಲ್ಲಿ ಮೊದಲಿಗನಾಗಿ ತೀರ್ಮಾನ ಹೇಳಬೇಕಾದವನಿಗೆ, ಇನ್ನೂ ಎಂಟು ಮಂದಿಯ ಸರದಿ ಬಾಕಿ ಇರುವುದರಿಂದ, ಇದು ಬಿಡತಕ್ಕ ಎಲೆ. ಆರು ಮಂದಿಯ ಆಟದಲ್ಲಿ ಮೊದಲ ಮೂವರು ಬಿಟ್ಟ ಮೇಲೆ, ಹಂಚುವವನ ಸ್ಥಾನದಲ್ಲಿ ಕೂತವನು ಇದೇ ಎಲೆಯ ಮೇಲೆ ಪಣ ಏರಿಸಬಹುದು. ಅವನ ಎದುರು ಉಳಿದವರು ಇಬ್ಬರೇ. ಎರಡು ಎಕ್ಕಗಳ ಬಲವೂ ಒಂದೇ ಸಮನಾಗಿರುವುದಿಲ್ಲ: ಗೊತ್ತಿಲ್ಲದ ಎಲೆ ಹಿಡಿದ ಒಬ್ಬನೆದುರು ಅವು ಗೆಲ್ಲುವುದು ಸುಮಾರು ಶೇ. 85ರಷ್ಟು ಸಲವಾದರೆ, ಅಂಥ ಐವರೂ ಕೊನೆಯವರೆಗೆ ಉಳಿದಾಗ ಶೇ. 49ರ ಆಸುಪಾಸು. ಹೀಗಿರುವಾಗ ‘ಒಳ್ಳೆಯ ಎಲೆ’ ಎಂಬ ಮಾತು ಎಲೆಯಲ್ಲಿಯೇ ನೆಲೆಸಿದ ಗುಣವನ್ನು ಹೇಳುತ್ತದೆಯೇ ಹೊರತು, ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ಹೇಳುವುದಿಲ್ಲ. ‘ಹಿಡಿಯುವ ಎಲೆ’, ‘ಬಿಡುವ ಎಲೆ’ ಎಂದರೆ ತೀರ್ಮಾನವು ಆಟಗಾರನದೆಂಬುದು ಕ್ರಿಯಾಪದದಿಂದಲೇ ಸ್ಪಷ್ಟವಾಗುತ್ತದೆ, ಆದ್ದರಿಂದ ನನ್ನ ಮನಸ್ಸು ಇವುಗಳ ಕಡೆಗೇ ಇದೆ. ಒಬ್ಬನು ಹಿಡಿಯುವ ಎಲೆಗಳ ಒಟ್ಟು ಸಮೂಹಕ್ಕೆ, ಅಂದರೆ ‘ರೇಂಜ್’ಗೆ, ‘ಹರವು’ ಎಂದಿದ್ದೇನೆ: ಮಂದಿ ಕಡಿಮೆಯಾದಂತೆ ಹರವು ಹಿಗ್ಗುತ್ತದೆ.

ಹರವು ಹಿಗ್ಗಲು ಇನ್ನೊಂದು ಕಾರಣ ‘ಬ್ಲೈಂಡ್’. ಈ ಪದವನ್ನು ಹಾಗೆಯೇ ಉಳಿಸಿಕೊಳ್ಳಲು ನನಗೆ ಹಿಂಜರಿಕೆಯಿದೆ, ಏಕೆಂದರೆ ಮೂರೆಲೆಯಾಟದವರಿಗೆ ಬ್ಲೈಂಡ್ ಎಂದರೆ ಎಲೆ ನೋಡದೆ ಆಡುವುದು. ಹೋಲ್ಡೆಮ್‌ನಲ್ಲಾದರೋ ಎಲೆ ಬರುವ ಮೊದಲೇ ಇಬ್ಬರು ಸರದಿಯಂತೆ ಇಡಲೇಬೇಕಾದ ಪಣವದು. ಒಂಬತ್ತು ಮಂದಿಯಲ್ಲಿ ಒಂಬತ್ತು ಆಟಕ್ಕೆ ಎರಡು ಸಲ ಬರುವ ಈ ಸರದಿ, ಆರು ಮಂದಿಯಲ್ಲಿ ಆರು ಆಟಕ್ಕೇ ಎರಡು ಸಲ ಬರುತ್ತದೆ. ಒಳ್ಳೆಯ ಎಲೆಗಾಗಿ ಕಾಯುತ್ತ ಕೂತವನ ಗಂಟು ಅಷ್ಟೇ ಬೇಗ ಕರಗುತ್ತದೆ. ‘ಕಡ್ಡಾಯ ಪಣ’ ಎಂದು ಬರೆದರೆ ಗೊಂದಲ ತಪ್ಪೀತೆಂದು ತೋರುತ್ತದೆ.

ಎರಡೆಲೆಯೂ ಬದಾಮವೋ ಎರಡೂ ಕಿಲಾವರವೋ ಆಗಿರುವ ‘ಸೂಟೆಡ್’ ಎಂಬುದಕ್ಕೆ ‘ಒಂದೇ ಬಣ್ಣದ’ ಎನ್ನುವುದು ಸರಿಯಲ್ಲ, ಬದಾಮವೂ ಚೌಕಟವೂ ಎರಡೂ ಕೆಂಪು. ‘ಒಂದೇ ಜಾತಿಯ’ ಎಂದು ಇಟ್ಟಿದ್ದೇನೆ. ಎಕ್ಕ ಮತ್ತು ರಾಜ ಒಂದೇ ಜಾತಿಯವಾಗಿ ಬರುವ ಬಗೆ 4, ಬೇರೆ ಜಾತಿಯವಾಗಿ ಬರುವ ಬಗೆ 12.

‘ಹಿಡಿಯುವ ಎಲೆ’ ಎಂಬ ಪ್ರಯೋಗವು ‘ಕೈಯಲ್ಲಿ ಹಿಡಿದಿರುವ ಎಲೆ’ ಎಂಬ ಅರ್ಥದೊಂದಿಗೆ ಬೆರೆತು ಓದುಗರನ್ನು ದಾರಿ ತಪ್ಪಿಸೀತೇ ಎಂಬುದೊಂದೇ ನನಗೆ ಉಳಿದಿರುವ ಸಂಶಯ. ಗದಗ, ಹಾವೇರಿ ಕಡೆಯ ಸದಸ್ಯರು ತಮ್ಮಲ್ಲಿ ಎಲೆ ನೋಡಿ ಆಟಕ್ಕಿಳಿಯುವುದಕ್ಕೂ ಆಟದಿಂದ ಹೊರಬೀಳುವುದಕ್ಕೂ ಬಳಕೆಯಲ್ಲಿರುವ ಮಾತುಗಳನ್ನು, ಅವು ಯಾವ ಆಟದಲ್ಲಿ ಬಳಕೆಯಾಗುತ್ತವೆ ಎಂಬುದರೊಂದಿಗೆ ತಿಳಿಸಿದರೆ, ಟಿಪ್ಪಣಿಯಲ್ಲಿ ಅವುಗಳನ್ನೇ ಬಳಸಿಕೊಳ್ಳುತ್ತೇನೆ.